ವಿಳಾಸವಿಲ್ಲದವರ ಯುರೋಪು

ಐರೋಪ್ಯ ಒಕ್ಕೂಟದ 27 ದೇಶಗಳಲ್ಲಿ 9.33 ಕೋಟಿ ಜನ, ಅಂದರೆ ನೂರರಲ್ಲಿ 21 ಮಂದಿ, ಬಡತನದ ಅಥವಾ ಸಮಾಜದಿಂದ ಹೊರಗುಳಿಯುವ ಅಪಾಯದಲ್ಲಿದ್ದಾರೆ ಎಂದು ಒಕ್ಕೂಟದ ಅಂಕಿಅಂಶ ಕಚೇರಿಯಾದ ಯೂರೋಸ್ಟ್ಯಾಟ್‌ನ 2024ರ ಲೆಕ್ಕ ಹೇಳುತ್ತದೆ. ರಜೆಯಲ್ಲಿ ಊರಿಗೆ ಬಂದಾಗ ಈ ಅಂಕಿಯನ್ನು ಹೇಳಿದರೆ ಕೇಳಿದವರು ಸುಲಭಕ್ಕೆ ನಂಬುವುದಿಲ್ಲ; ಕೆಲಸವಿಲ್ಲದವರಿಗೆ ಅಲ್ಲಿ ಸರ್ಕಾರವೇ ಹಣ ಕೊಡುತ್ತದಲ್ಲ ಎಂದು ಕೇಳುತ್ತಾರೆ. ಸರ್ಕಾರ ಹಣ ಕೊಡುವುದು ನಿಜ. ಆದ್ದರಿಂದಲೇ ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾಗುತ್ತದೆ. ಜರ್ಮನಿಯ ರೂರ್ ಪ್ರದೇಶದಲ್ಲಿ ಮನೆಯಿಲ್ಲದವರಿಗಾಗಿ ಇರುವ ಸಲಹಾ ಕೇಂದ್ರವೊಂದರಲ್ಲಿ ಕೆಲಸ ಮಾಡುವ ನನ್ನ ಅನುಭವದಲ್ಲಿ, ಇಲ್ಲಿನ ತೀರಾ ಕಡುಬಡವರಿಗೆ ಸಹಾಯ ತಲುಪದಿರುವುದಕ್ಕೆ ಬಹುಪಾಲು ಕಾರಣ ಯೋಜನೆಗಳ ಕೊರತೆಯಲ್ಲ, ಆ ಯೋಜನೆಗಳೆಲ್ಲ ಮೊದಲಿಗೆ ಕೇಳುವ ನೋಂದಾಯಿತ ವಿಳಾಸ ಅವರ ಬಳಿ ಇಲ್ಲದಿರುವುದು.

ಮೊದಲು ಆ ಅಂಕಿ ಏನನ್ನು ಅಳೆಯುತ್ತದೆ ಎಂಬುದನ್ನು ನೋಡೋಣ. ಮೂರು ಸ್ಥಿತಿಗಳಲ್ಲಿ ಯಾವುದಾದರೂ ಒಂದರಲ್ಲಿದ್ದರೆ ವ್ಯಕ್ತಿ ಆ ಲೆಕ್ಕಕ್ಕೆ ಸೇರುತ್ತಾನೆ. ಒಂದನೆಯದು ಆದಾಯ: ದೇಶದ ಎಲ್ಲರನ್ನೂ ಆದಾಯದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವನ ಆದಾಯದ ಶೇ. 60ಕ್ಕಿಂತ ಕಡಿಮೆ ಇರುವುದು. ಜರ್ಮನಿಯಲ್ಲಿ ಒಬ್ಬಂಟಿಗನಿಗೆ ಈ ಗೆರೆ 2024ರಲ್ಲಿ ತಿಂಗಳಿಗೆ 1,378 ಯೂರೊ ಆಗಿತ್ತು; ಬ್ಯುರ್ಗರ್‌ಗೆಲ್ಡ್ ಎಂಬ ಹೆಸರಿನ ಸರ್ಕಾರಿ ಜೀವನಭತ್ಯೆ ಅದೇ ವರ್ಷ 563 ಯೂರೊ, ಬಾಡಿಗೆ ಪ್ರತ್ಯೇಕ. ಎರಡನ್ನೂ ಕೂಡಿಸಿದರೂ ಮೊತ್ತ ಸಾಮಾನ್ಯವಾಗಿ ಆ ಗೆರೆಯನ್ನು ಮುಟ್ಟುವುದಿಲ್ಲ ಎಂಬುದನ್ನು ಗಮನಿಸಬೇಕು. ಎರಡನೆಯದು, 65 ವರ್ಷದೊಳಗಿನವರಿಗೆ ಅನ್ವಯಿಸುವಂತೆ, ದುಡಿಯಬಲ್ಲವರು ತಮ್ಮ ದುಡಿಮೆಯ ಸಾಧ್ಯತೆಯಲ್ಲಿ ಐದನೆಯ ಒಂದು ಭಾಗವನ್ನೂ ದುಡಿಯಲಾಗದ ಮನೆಯಲ್ಲಿರುವುದು. ಮೂರನೆಯದು ಅಗತ್ಯಗಳ ತೀವ್ರ ಕೊರತೆ: ಪಟ್ಟಿ ಮಾಡಿದ 13 ಅಗತ್ಯಗಳಲ್ಲಿ ಏಳನ್ನಾದರೂ ಪೂರೈಸಿಕೊಳ್ಳಲಾಗದಿರುವುದು. ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವುದು, ದಿನ ಬಿಟ್ಟು ದಿನವಾದರೂ ಮಾಂಸ, ಮೀನು ಅಥವಾ ಅದಕ್ಕೆ ಸಮನಾದ ಸಸ್ಯಾಹಾರದ ಊಟ, ಕಾಲಿಗೆ ಸರಿಹೊಂದುವ ಎರಡು ಜೊತೆ ಷೂ, ಅನಿರೀಕ್ಷಿತ ಖರ್ಚು ಬಂದರೆ ತಡೆದುಕೊಳ್ಳುವ ಶಕ್ತಿ, ಇಂಟರ್ನೆಟ್, ಇವೆಲ್ಲ ಆ ಪಟ್ಟಿಯಲ್ಲಿವೆ. ತಿಂಗಳಿಗೊಮ್ಮೆಯಾದರೂ ನೆಂಟರೊಂದಿಗೆ ಅಥವಾ ಗೆಳೆಯರೊಂದಿಗೆ ಸೇರಿ ಊಟವನ್ನೋ ಪಾನೀಯವನ್ನೋ ತೆಗೆದುಕೊಳ್ಳುವುದೂ ಇದೆ. ಇದನ್ನು ಕೇಳಿ ನಮ್ಮ ಕಡೆಯವರು ನಗುತ್ತಾರೆ, ಇದೂ ಒಂದು ಬಡತನವೇ ಎಂದು. ಆದರೆ 1984ರಲ್ಲೇ ಅಂದಿನ ಐರೋಪ್ಯ ಸಮುದಾಯದ ಮಂತ್ರಿಮಂಡಳಿ ತನ್ನ ನಿರ್ಣಯದಲ್ಲಿ, ಬಡವರೆಂದರೆ ತಾವು ಬಾಳುತ್ತಿರುವ ದೇಶದಲ್ಲಿ ಕನಿಷ್ಠವೆಂದು ಒಪ್ಪಿಕೊಂಡ ಬದುಕಿನ ರೀತಿಯಿಂದಲೇ ಹೊರಗುಳಿಯುವಷ್ಟು ಕಡಿಮೆ ಸಂಪನ್ಮೂಲ ಉಳ್ಳವರು ಎಂದು ಹೇಳಿತ್ತು. ಮದುವೆ ಮನೆಗೆ ಮುಯ್ಯಿ ಮಾಡಲು ಕೈಯಲ್ಲಿಲ್ಲದೆ ಹೋಗುವುದನ್ನೇ ಬಿಟ್ಟವರನ್ನು ಕಂಡವರಿಗೆ ಈ ಅಳತೆ ಅರ್ಥವಾಗದೇನಲ್ಲ.

ಅಳತೆ ಒಳ್ಳೆಯದೇ, ಆದರೆ ಅಳೆಯುವ ಸಮೀಕ್ಷೆಯೂ ವಿಳಾಸದಿಂದಲೇ ಶುರುವಾಗುತ್ತದೆ. ಒಕ್ಕೂಟದ ಆದಾಯ ಮತ್ತು ಜೀವನಸ್ಥಿತಿಯ ಸಮೀಕ್ಷೆ ಕೇಳುವುದು ಖಾಸಗಿ ಮನೆಗಳಲ್ಲಿ ವಾಸಿಸುವವರನ್ನು ಮಾತ್ರ. ಬೀದಿಯಲ್ಲಿ ಮಲಗುವವರು, ರಾತ್ರಿ ತಂಗುದಾಣಗಳಲ್ಲಿ ಇರುವವರು, ವೃದ್ಧಾಶ್ರಮದಂಥ ಸಂಸ್ಥೆಗಳಲ್ಲಿ ಇರುವವರು ಇದರೊಳಗೆ ಬರುವುದಿಲ್ಲ. ಹಾಗಾಗಿ 9.33 ಕೋಟಿ ಎಂಬುದು ಬಾಗಿಲು ಉಳ್ಳ ಬಡವರ ಲೆಕ್ಕ. ಜರ್ಮನಿ ಮನೆಯಿಲ್ಲದವರನ್ನು ಕಾನೂನುಬದ್ಧವಾಗಿ ಎಣಿಸತೊಡಗಿದ್ದೇ 2022ರಲ್ಲಿ. 2024ರ ಜನವರಿ 31ರಂದು ತಂಗುದಾಣಗಳಲ್ಲಿ ಮತ್ತು ತುರ್ತು ವಸತಿಗಳಲ್ಲಿ 4,39,500 ಮಂದಿ ಇದ್ದರು. ಇವರಲ್ಲಿ ಉಕ್ರೇನಿನ ಯುದ್ಧದಿಂದ ಓಡಿಬಂದವರೂ ಸೇರಿದ್ದಾರೆ. ಪರಿಚಯದವರ ಮನೆಗಳಲ್ಲಿ ಅಲ್ಲಲ್ಲಿ ತಂಗುವವರು ಸುಮಾರು 60,400, ಬೀದಿಯಲ್ಲೇ ಇರುವವರು ಸುಮಾರು 47,300 ಎಂದು ಸರ್ಕಾರದ ವರದಿ ಅಂದಾಜಿಸಿತು. ನಡುವಿನ ಗುಂಪಿನಲ್ಲಿ ನನಗೆ ಎದುರಾಗುವವರಲ್ಲಿ ಹೆಂಗಸರು ಬಹಳ. ಗಂಡನ ಹೊಡೆತ ತಾಳಲಾರದೆ ಹೊರಬಂದವಳು ನೇರ ಬೀದಿಗೆ ಹೋಗುವುದಿಲ್ಲ. ಒಬ್ಬರ ಮನೆಯ ಸೋಫಾದಿಂದ ಮತ್ತೊಬ್ಬರ ಮನೆಗೆ ದಾಟುತ್ತಾ ಹೋಗುತ್ತಾಳೆ, ಆ ಮನೆಗಳ ಯಜಮಾನರು ಆಗಾಗ ಅದಕ್ಕೆ ಏನನ್ನು ಬೆಲೆಯಾಗಿ ಕೇಳುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜರ್ಮನಿಗೆ ಓದಲು ಅಥವಾ ಐಟಿ ಕೆಲಸಕ್ಕೆ ಬಂದಿರುವ ಕನ್ನಡಿಗರಿಗೆಲ್ಲ ಆನ್‌ಮೆಲ್ಡುಂಗ್ ಎಂಬ ಮಾತು ಗೊತ್ತಿರುತ್ತದೆ. ಮನೆಗೆ ಹೋದ ಎರಡು ವಾರದೊಳಗೆ ನಗರದ ನೋಂದಣಿ ಕಚೇರಿಯಲ್ಲಿ ವಿಳಾಸ ಬರೆಸಬೇಕು, ಅದಕ್ಕೆ ಮನೆ ಮಾಲೀಕ ಸಹಿ ಹಾಕಿದ ದೃಢೀಕರಣ ಪತ್ರ ಬೇಕು. ಈ ಪತ್ರದ ನಿಯಮ 2015ರ ನವೆಂಬರಿನಿಂದ ಜಾರಿಯಲ್ಲಿದೆ. ಸಂಬಳದ ತೆರಿಗೆ, ವಾಸದ ಪರವಾನಗಿ, ಮಕ್ಕಳ ಶಾಲೆ, ಎಲ್ಲವೂ ಆ ಒಂದು ಹಾಳೆಯನ್ನು ಹಿಡಿದುಕೊಂಡು ಮುಂದೆ ಸಾಗುತ್ತವೆ. ಬೆಂಗಳೂರಿನಿಂದ ಬಂದ ಎಂಜಿನಿಯರನಿಗೆ ಇದು ಕೆಲವು ವಾರಗಳ ಕಿರಿಕಿರಿ. ದಿನಗೂಲಿಯ ಮೇಲೆ ಬಂದ ಕಾರ್ಮಿಕನಿಗೆ ಇದರ ಪರಿಣಾಮ ಬೇರೆ.

ನಾನು ಕಂಡ ಹಲವರ ಕತೆಯನ್ನು ಸೇರಿಸಿ ಒಬ್ಬನದಾಗಿ ಹೇಳುತ್ತೇನೆ. ಬಲ್ಗೇರಿಯಾದ ಪ್ಲೊವ್ದಿವ್ ನಗರದಲ್ಲಿ ರೋಮಾ ಎಂಬ ಜನಾಂಗದವರ ಸ್ತೊಲಿಪಿನೊವೊ ಎಂಬ ದೊಡ್ಡ ಬಡಾವಣೆಯಿದೆ. ಅಲ್ಲಿಂದ ರೂರ್ ಪ್ರದೇಶದ ಡಾರ್ಟ್‌ಮುಂಡ್, ಡ್ಯೂಸ್‌ಬುರ್ಗ್‌ನಂಥ ನಗರಗಳಿಗೆ ಬಹಳ ಕುಟುಂಬಗಳು ಬಂದಿವೆ. ಹಾಗೆ ಬಂದವನೊಬ್ಬ ಕಟ್ಟಡದ ಕೆಲಸ, ಶುಚಿ ಕೆಲಸ, ಮಾಂಸದ ಕಾರ್ಖಾನೆ ಎಂದು ಆರು ವರ್ಷ ದುಡಿಯುತ್ತಾನೆ. ಒಂದು ಹಾಸಿಗೆಗೆ ಇಷ್ಟು ಎಂದು ಬಾಡಿಗೆ ಕೊಟ್ಟು ನಾಲ್ಕೈದು ಜನರೊಂದಿಗೆ ಒಂದೇ ಕೋಣೆಯಲ್ಲಿ ಮಲಗುತ್ತಾನೆ. ಕೋಣೆಯ ಮಾಲೀಕ ದೃಢೀಕರಣ ಪತ್ರ ಕೊಡುವುದಿಲ್ಲ, ಕೊಟ್ಟರೆ ಒಂದೇ ಕೋಣೆಯಲ್ಲಿ ಅಷ್ಟು ಜನರಿರುವುದು ಕಾಗದದ ಮೇಲೆ ಬಂದುಬಿಡುತ್ತದೆ. ಸಂಬಳದಲ್ಲಿ ಅರ್ಧ ಲೆಕ್ಕಕ್ಕೆ ಬರುತ್ತದೆ, ಅರ್ಧ ಕೈಗೆ ಬರುತ್ತದೆ. ಬೆನ್ನು ಹಿಡಿದುಕೊಂಡು ಕೆಲಸ ನಿಂತ ದಿನ ಹಾಸಿಗೆಯೂ ಹೋಗುತ್ತದೆ. ಆಗ ನಮ್ಮ ಕೇಂದ್ರಕ್ಕೆ ಬರುತ್ತಾನೆ.

ಐರೋಪ್ಯ ಒಕ್ಕೂಟದ ಪ್ರಜೆ ಇಲ್ಲಿ ದುಡಿದವನೆಂದು ಸಾಬೀತಾದರೆ ಭತ್ಯೆಗೆ ಹಕ್ಕಿದೆ: ಒಂದು ವರ್ಷಕ್ಕಿಂತ ಹೆಚ್ಚು ದುಡಿದು ತನ್ನ ತಪ್ಪಿಲ್ಲದೆ ಕೆಲಸ ಕಳೆದುಕೊಂಡವನ ಕಾರ್ಮಿಕ ಸ್ಥಾನಮಾನ ಉಳಿಯುತ್ತದೆ, ಅದಕ್ಕಿಂತ ಕಡಿಮೆ ದುಡಿದವನಿಗೆ ಆರು ತಿಂಗಳು ಮಾತ್ರ. ಸಾಬೀತು ಮಾಡಲು ಕರಾರುಪತ್ರ ಮತ್ತು ಸಂಬಳದ ಚೀಟಿಗಳು ಬೇಕು. ಅವಿಲ್ಲದೆ ಬರೀ ಕೆಲಸ ಹುಡುಕುತ್ತಿರುವವನೆಂದು ಪರಿಗಣಿಸಲ್ಪಟ್ಟರೆ 2016ರ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಆತನಿಗೆ ಭತ್ಯೆಯಿಲ್ಲ. ಊರಿಗೆ ಹೊರಡುವವರೆಗೆ, ಸಾಮಾನ್ಯವಾಗಿ ಗರಿಷ್ಠ ಒಂದು ತಿಂಗಳ ಮಧ್ಯಂತರ ಸಹಾಯವಿದೆ. ಐದು ವರ್ಷ ಇಲ್ಲಿ ನೆಲೆಸಿದವರಿಗೆ ವಿನಾಯಿತಿಯಿದೆ. ಆದರೆ ಆ ಐದು ವರ್ಷಗಳ ಎಣಿಕೆ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಿದ ದಿನದಿಂದ ಶುರುವಾಗುತ್ತದೆ ಎಂದು ಕಾನೂನೇ ಹೇಳುತ್ತದೆ. ಈತ ಆರು ವರ್ಷ ಇಲ್ಲಿದ್ದಾನೆ, ಈತನ ಕೈಯಿಂದ ಎದ್ದ ಗೋಡೆಗಳು ಕಣ್ಣೆದುರಿಗಿವೆ; ಕಾನೂನಿನ ದೃಷ್ಟಿಯಲ್ಲಿ ಮಾತ್ರ ಈತನ ಎಣಿಕೆ ಇನ್ನೂ ಶುರುವಾಗಿಲ್ಲ. ನನ್ನ ವೃತ್ತಿಯಲ್ಲಿ ಎದುರಿಗೆ ಕೂತವರಿಗೆ ವಿವರಿಸಲು ನನಗೆ ತೀರಾ ಕಷ್ಟವಾಗುವ ವಾಕ್ಯ ಇದೇ.

ಇಂಥವನ ವಿಳಾಸದ ತೊಂದರೆ ಜರ್ಮನಿಯಲ್ಲಿ ಹುಟ್ಟಿದ್ದೂ ಅಲ್ಲ. ಸಾವಿರ ವರ್ಷದ ಹಿಂದೆ ಉತ್ತರ ಭಾರತದಿಂದ ಹೊರಟವರೆಂದು ಭಾಷೆಯ ಮತ್ತು ವಂಶವಾಹಿಯ ಅಧ್ಯಯನಗಳು ಹೇಳುವ ರೋಮಾ ಜನ ಯುರೋಪಿನಲ್ಲಿ ಒಂದು ಕೋಟಿಗೂ ಹೆಚ್ಚಿದ್ದಾರೆಂದು ಅಂದಾಜು. ಇಂದಿನ ರುಮೇನಿಯಾದ ಭಾಗವಾದ ವಲಾಕಿಯಾ ಮತ್ತು ಮೊಲ್ಡಾವಿಯಾಗಳಲ್ಲಿ 1850ರ ದಶಕದವರೆಗೆ ಅವರು ಮಠಗಳ ಮತ್ತು ಜಮೀನ್ದಾರರ ಗುಲಾಮರಾಗಿದ್ದರು. ಬಲ್ಗೇರಿಯಾದಲ್ಲೂ ರುಮೇನಿಯಾದಲ್ಲೂ ಅವರ ಎಷ್ಟೋ ಬಡಾವಣೆಗಳ ಮನೆಗಳಿಗೆ ಕಾಗದಪತ್ರವಿಲ್ಲ. ಮನೆಗೆ ಕಾಗದವಿಲ್ಲದಿದ್ದರೆ ಗುರುತಿನ ಚೀಟಿ ಪಡೆಯುವುದೇ ಕಷ್ಟ. ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆ 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ರೋಮಾ ಜನರಲ್ಲಿ ಶೇ. 80ರಷ್ಟು ಮಂದಿ ಆದಾಯದ ಬಡತನದ ಗೆರೆಗಿಂತ ಕೆಳಗಿದ್ದರು, ಶೇ. 22 ಮಂದಿಗೆ ಮನೆಯೊಳಗೆ ನಲ್ಲಿ ನೀರಿರಲಿಲ್ಲ. ಶಾಲೆಯೂ ಅವರನ್ನು ಹೊರಗಿಟ್ಟಿದೆ. ಚೆಕ್ ಗಣರಾಜ್ಯದ ಒಸ್ಟ್ರಾವಾ ನಗರದ 18 ರೋಮಾ ಮಕ್ಕಳನ್ನು ಬುದ್ಧಿ ಪರೀಕ್ಷೆಯ ಆಧಾರದ ಮೇಲೆ ಕಲಿಕೆಯಲ್ಲಿ ಹಿಂದುಳಿದವರ ವಿಶೇಷ ಶಾಲೆಗೆ ಸೇರಿಸಿದ್ದು ಭೇದಭಾವವೆಂದು ಸ್ಟ್ರಾಸ್‌ಬುರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ 2007ರಲ್ಲಿ ತೀರ್ಪು ನೀಡಿತು. ಆ ಮಕ್ಕಳ ಪರವಾಗಿ ಮಂಡಿಸಿದ ಲೆಕ್ಕದ ಪ್ರಕಾರ ಆ ಊರಿನಲ್ಲಿ ರೋಮಾ ಮಗು ಅಂಥ ಶಾಲೆಗೆ ಹೋಗುವ ಸಾಧ್ಯತೆ ಇತರ ಮಕ್ಕಳಿಗಿಂತ 27 ಪಟ್ಟು ಹೆಚ್ಚಾಗಿತ್ತು. ಅಂಥ ಶಾಲೆಯಿಂದ ಹೊರಬಂದವನಿಗೆ ನಾಲ್ಕು ಪುಟದ ಸರ್ಕಾರಿ ಅರ್ಜಿ ತುಂಬುವುದು ಎಷ್ಟು ಕಠಿಣ ಎಂಬುದನ್ನು ನಮ್ಮ ಕಚೇರಿಯಲ್ಲಿ ಒಂದು ಬೆಳಗ್ಗೆ ಕೂತರೆ ಕಾಣಬಹುದು.

ಇಟಲಿಯಲ್ಲಿ ಇದೇ ಸಮಸ್ಯೆಗೆ ವಿಚಿತ್ರವಾದ ಪರಿಹಾರವೊಂದಿದೆ. 1983ರ ಜನವರಿಯಲ್ಲಿ ರೋಮ್‌ನ ಟೆರ್ಮಿನಿ ರೈಲು ನಿಲ್ದಾಣದ ಬಳಿ ಬಿದ್ದಿದ್ದ ಮೊಡೆಸ್ಟಾ ವಲೆಂಟಿ ಎಂಬ ಮನೆಯಿಲ್ಲದ ವೃದ್ಧೆಯನ್ನು, ಮೈತುಂಬ ಹೇನು ಇವೆ ಎಂಬ ಕಾರಣಕ್ಕೆ, ಆಂಬ್ಯುಲೆನ್ಸಿನವರು ಹತ್ತಿಸಿಕೊಳ್ಳಲಿಲ್ಲ. ಆಕೆ ಅಲ್ಲೇ ತೀರಿಹೋದಳು. ಇಂದು ರೋಮ್ ನಗರಸಭೆಯ ದಾಖಲೆಯಲ್ಲಿ ಆಕೆಯ ಹೆಸರಿನ ಒಂದು ರಸ್ತೆಯಿದೆ. ನೆಲದ ಮೇಲೆ ಆ ರಸ್ತೆಯಿಲ್ಲ. ಸ್ವಂತ ವಿಳಾಸವಿಲ್ಲದವರು ಅಲ್ಲಿ ವಾಸಿಸುತ್ತಾರೆಂದು ಬರೆದುಕೊಳ್ಳಲಾಗುತ್ತದೆ, ಏಕೆಂದರೆ ನೋಂದಾಯಿತ ವಾಸಸ್ಥಳವಿಲ್ಲದವರಿಗೆ ಇಟಲಿಯಲ್ಲಿ ಕುಟುಂಬ ವೈದ್ಯರ ಪಟ್ಟಿಯಲ್ಲಿ ಹೆಸರು ಸಿಗುವುದಿಲ್ಲ. ಕಾನೂನಿಗೆ ಕಣ್ಣಿಗೆ ಕಾಣುವ ಮನೆಗಿಂತ ಬರೆದಿಟ್ಟ ಮನೆ ಮುಖ್ಯವಾದರೆ, ಬರೆದೇ ಕೊಡೋಣ ಎಂಬ ಈ ಜಾಣತನ ನನಗೆ ಇಷ್ಟ. ಆದರೆ ಅದೇ ದೇಶ 2014ರಲ್ಲಿ, ಖಾಲಿ ಕಟ್ಟಡಗಳನ್ನು ಅಕ್ರಮವಾಗಿ ಹೊಕ್ಕು ವಾಸಿಸುವವರು ಅಲ್ಲಿನ ವಿಳಾಸ ನೋಂದಾಯಿಸುವಂತಿಲ್ಲ ಎಂಬ ಕಾನೂನನ್ನೂ ಮಾಡಿತು. ಮನೆಯಿಲ್ಲದವರಿಗೂ ಕುಟುಂಬ ವೈದ್ಯರ ಸೇವೆ ಕೊಡುವ ಪ್ರಯೋಗವನ್ನು 14 ಮಹಾನಗರ ಪ್ರದೇಶಗಳಲ್ಲಿ ನಡೆಸುವ ಕಾನೂನಿಗೆ ಅಲ್ಲಿನ ಸಂಸತ್ತು ಒಪ್ಪಿಗೆ ಕೊಟ್ಟದ್ದು 2024ರ ನವೆಂಬರಿನಲ್ಲಿ.

ಬ್ಯಾಂಕ್ ಖಾತೆಯ ವಿಷಯದಲ್ಲಿ ಮಾತ್ರ ಇಡೀ ಒಕ್ಕೂಟಕ್ಕೆ ಒಂದೇ ನಿಯಮ ಬಂದಿದೆ: 2014ರ ನಿರ್ದೇಶನದ ಪ್ರಕಾರ ಸ್ಥಿರ ವಿಳಾಸವಿಲ್ಲದವರಿಗೂ ಮೂಲ ಖಾತೆ ತೆರೆಯುವ ಹಕ್ಕಿದೆ, ಜರ್ಮನಿಯಲ್ಲಿ ಇದು 2016ರ ಜೂನಿನಿಂದ ಜಾರಿಯಲ್ಲಿದೆ. ಇದರಿಂದ ಆದ ಉಪಕಾರ ದೊಡ್ಡದು. ಭತ್ಯೆಗೆ ಅರ್ಹರಾದ, ಮನೆಯಿಲ್ಲದ ಜರ್ಮನ್ ಪ್ರಜೆಗಳ ಪತ್ರಗಳು ನಮ್ಮಂಥ ಕೇಂದ್ರಗಳ ವಿಳಾಸಕ್ಕೆ ಬರುತ್ತವೆ, ಹಣ ಅವರ ಖಾತೆಗೆ ಹೋಗುತ್ತದೆ. ಆದರೆ ಅಂಚೆ ವಿಳಾಸ ಬೇರೆ, ವಾಸದ ನೋಂದಣಿ ಬೇರೆ. ನಮ್ಮ ಅಂಚೆ ಪೆಟ್ಟಿಗೆ ಐದು ವರ್ಷದ ಎಣಿಕೆಯನ್ನು ಶುರು ಮಾಡಿಸಲಾರದು.

ವಿಳಾಸವಿಲ್ಲದೆ ಸಹಾಯವಿಲ್ಲ, ಸಹಾಯವಿಲ್ಲದೆ ಮನೆಯಿಲ್ಲ ಎಂಬ ಈ ಸರಪಳಿಯನ್ನು ಫಿನ್‌ಲೆಂಡ್ ಇನ್ನೊಂದು ತುದಿಯಿಂದ ಹಿಡಿಯಿತು. ಮೊದಲು ಕುಡಿತ ಬಿಡು, ಕೆಲಸ ಹುಡುಕು, ಸಾಲ ತೀರಿಸು, ಆಮೇಲೆ ಮನೆ ಎಂಬ ಕ್ರಮವನ್ನು ಬಿಟ್ಟು, ಮೊದಲು ಸ್ವಂತ ಹೆಸರಿನ ಬಾಡಿಗೆ ಕರಾರಿನ ಮನೆ, ಉಳಿದದ್ದೆಲ್ಲ ಆಮೇಲೆ ಎಂಬ ಕ್ರಮವನ್ನು 2008ರಿಂದ ಸರ್ಕಾರಿ ಕಾರ್ಯಕ್ರಮವಾಗಿಯೇ ನಡೆಸಿತು. ಹೆಲ್ಸಿಂಕಿಯಲ್ಲಿ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯ 250 ಹಾಸಿಗೆಗಳ ತಂಗುದಾಣವನ್ನು 81 ಬಾಡಿಗೆ ಮನೆಗಳಾಗಿ ಬದಲಾಯಿಸಲಾಯಿತು. ಹಾಸಿಗೆಗೂ ಮನೆಗೂ ಇರುವ ವ್ಯತ್ಯಾಸವೆಂದರೆ ಬೀಗದ ಕೈ ಮಾತ್ರವಲ್ಲ, ಬಾಡಿಗೆದಾರನಿಗೆ ಕಾನೂನಿನ ರಕ್ಷಣೆಯಿದೆ, ವಸತಿ ಭತ್ಯೆಯಿದೆ, ನೋಂದಣಿಯಿದೆ. 1980ರ ದಶಕದ ಕೊನೆಯಲ್ಲಿ 16,000ಕ್ಕೂ ಹೆಚ್ಚಿದ್ದ ಮನೆಯಿಲ್ಲದವರ ಸಂಖ್ಯೆ 2023ರಲ್ಲಿ 3,429ಕ್ಕೆ ಇಳಿದಿತ್ತು. 2024ರಲ್ಲಿ ಅದು 3,806ಕ್ಕೆ ಏರಿತು. ಅದೇ ವರ್ಷ ಅಲ್ಲಿನ ಸರ್ಕಾರ ವಸತಿ ಭತ್ಯೆಯನ್ನು ಕಡಿತ ಮಾಡಿತ್ತು. ಈ ಎರಡಕ್ಕೂ ಸಂಬಂಧವಿದೆ ಎಂದು ಅಲ್ಲಿ ಈ ಕ್ಷೇತ್ರದಲ್ಲಿ ದುಡಿಯುವವರು ಹೇಳುವುದನ್ನು ನಾನು ಒಪ್ಪುತ್ತೇನೆ. ಮನೆ ಮೊದಲು ಎಂಬ ಕ್ರಮ ನಿಂತಿರುವುದೇ ಬಾಡಿಗೆ ಕಟ್ಟಲು ಬಡವನಿಗೆ ಸಿಗುವ ಭತ್ಯೆಯ ಮೇಲೆ.

ಜರ್ಮನಿಯೂ 2030ರೊಳಗೆ ಮನೆಯಿಲ್ಲದ ಸ್ಥಿತಿಯನ್ನು ನಿವಾರಿಸುವ ರಾಷ್ಟ್ರೀಯ ಯೋಜನೆಯನ್ನು 2024ರ ಏಪ್ರಿಲ್‌ನಲ್ಲಿ ಅಂಗೀಕರಿಸಿದೆ. 1980ರ ದಶಕದ ಕೊನೆಗೆ ಪಶ್ಚಿಮ ಜರ್ಮನಿಯೊಂದರಲ್ಲೇ ಸುಮಾರು 40 ಲಕ್ಷ ಇದ್ದ ಸರ್ಕಾರಿ ಸಹಾಯದ ಬಾಡಿಗೆ ಮನೆಗಳು ಈಗ ಇಡೀ ದೇಶದಲ್ಲಿ 11 ಲಕ್ಷದ ಆಸುಪಾಸಿನಲ್ಲಿವೆ. ಅವನ್ನು ಮತ್ತೆ ಕಟ್ಟಲು ವರ್ಷಗಳೂ ಹಣವೂ ಬೇಕು. ಆದರೆ ಐದು ವರ್ಷದ ಎಣಿಕೆಯನ್ನು ನೋಂದಣಿಯ ಬದಲು ಸಂಬಳದ ಚೀಟಿ, ವೈದ್ಯರ ದಾಖಲೆ, ತಂಗುದಾಣದ ಹಾಜರಿ, ಮಕ್ಕಳ ಶಾಲೆಯ ಪತ್ರಗಳಿಂದಲೂ ಸಾಬೀತು ಮಾಡಬಹುದು ಎಂದು ಕಾನೂನಿನ ಒಂದು ವಾಕ್ಯವನ್ನು ತಿದ್ದಲು ಕಟ್ಟಡ ಕಟ್ಟಬೇಕಾಗಿಲ್ಲ. ರೂರ್ ಪ್ರದೇಶದ ನಗರಸಭೆಗಳಿಗೆ ಇದಕ್ಕೆ ಆಕ್ಷೇಪವಿದೆ: ಪಾಳುಬಿದ್ದ ಕಟ್ಟಡಗಳನ್ನು ಕೊಂಡು, ಜನರನ್ನು ತುಂಬಿ, ಸುಳ್ಳು ನೋಂದಣಿ ಮತ್ತು ಸುಳ್ಳು ಕರಾರುಗಳ ಮೇಲೆ ಭತ್ಯೆ ಎತ್ತುವ ದಲ್ಲಾಳಿಗಳನ್ನು ಅವು ಕಂಡಿವೆ. ಆಕ್ಷೇಪ ಸುಳ್ಳಲ್ಲ. ಆದರೆ ಮಾಲೀಕನ ಸಹಿಯನ್ನು ಕಡ್ಡಾಯ ಮಾಡಿದ ಮೇಲೆ ಆ ದಲ್ಲಾಳಿಗಳು ಕಣ್ಮರೆಯಾಗಲಿಲ್ಲ, ಸಹಿಯನ್ನೇ ಮಾರತೊಡಗಿದರು. ಕೊಳ್ಳಲು ಹಣವಿದ್ದವನ ಎಣಿಕೆ ಶುರುವಾಯಿತು, ಇಲ್ಲದವನದು ಆಗಲಿಲ್ಲ.