ದೂರ ಅಳೆಯಲ್ಲ, ಬೆಳಕು ಅಳೀತೀವಿ

ವಿಶ್ವ ಎಷ್ಟು ದೊಡ್ಡದು ಸರ್ ಅಂತ ಕಾಲೇಜ್ ಮಕ್ಕಳು ಕೇಳ್ತಾನೇ ಇರ್ತಾರೆ. ಕಾಣೋಕೆ ಸಾಧ್ಯ ಇರೋ ಭಾಗದ ಅಡ್ಡಗಲ ಸುಮಾರು 9,300 ಕೋಟಿ ಜ್ಯೋತಿರ್ವರ್ಷ, ಅದರಾಚೆಯ ಬೆಳಕು ನಮ್ಮ ಹತ್ರ ಇನ್ನೂ ಬಂದೇ ಇಲ್ಲ. ಆದ್ರೆ ಆ ನಂಬರ್ ಬರೋ ದಾರಿ ಇದೆಯಲ್ಲ, ಕಷ್ಟ ಇರೋದೇ ಅಲ್ಲಿ.

ನಕ್ಷತ್ರಗಳ ಬೆಳಕು ಅಳೆಯೋದು ನನ್ನ ಕೆಲಸ. ಟೆಲಿಸ್ಕೋಪ್ ಕೊಡೋದು ಎಷ್ಟು ಬೆಳಕು ಬಂತು ಅನ್ನೋ ಲೆಕ್ಕ ಅಷ್ಟೇ, ನಕ್ಷತ್ರ ಮಂಕಾಗಿದ್ರೆ ಅದು ತುಂಬಾ ದೂರ ಇದೆಯಾ, ಹತ್ತಿರ ಇದ್ದೂ ಅದರ ಬೆಳಕೇ ಕಮ್ಮಿನಾ, ಇಲ್ಲಾ ಮಧ್ಯೆ ಧೂಳು ಅಡ್ಡ ಬಂದಿದೆಯಾ, ಒಂದು ಫೋಟೋದಲ್ಲಿ ಮೂರೂ ಒಂದೇ ಥರ ಕಾಣತ್ತೆ.

ಇದಕ್ಕೆ ದಾರಿ ಮಾಡಿಕೊಟ್ಟವರು ಹಾರ್ವರ್ಡ್ ವೀಕ್ಷಣಾಲಯದ ಹೆನ್ರಿಯೆಟ್ಟಾ ಲೆವಿಟ್. ನಮ್ಮ ಪಕ್ಕದ ಪುಟ್ಟ ಗ್ಯಾಲಕ್ಸಿ ಸಣ್ಣ ಮೆಗಲಾನಿಕ್ ಮೋಡದಲ್ಲಿರೋ 25 ಸೆಫೀಡ್ ನಕ್ಷತ್ರಗಳನ್ನ, ಅಂದ್ರೆ ಬೆಳಕು ಒಂದೇ ಲಯದಲ್ಲಿ ಹೆಚ್ಚುಕಮ್ಮಿ ಆಗ್ತಾ ಮಿಡಿಯೋ ನಕ್ಷತ್ರಗಳನ್ನ ಹೋಲಿಸಿ, ನಿಧಾನಕ್ಕೆ ಮಿಡಿಯೋದು ಜಾಸ್ತಿ ಪ್ರಕಾಶ ಅಂತ 1912ರಲ್ಲಿ ತೋರಿಸಿದ್ರು, ಎಲ್ಲವೂ ಒಂದೇ ಮೋಡದಲ್ಲಿ ಹೆಚ್ಚುಕಮ್ಮಿ ಒಂದೇ ದೂರದಲ್ಲಿರೋದ್ರಿಂದ ಅಲ್ಲಿ ಕಾಣೋ ವ್ಯತ್ಯಾಸ ನಿಜವಾದ ವ್ಯತ್ಯಾಸನೇ, ಆ ಯೋಚನೆ ನನಗೆ ಇವತ್ತಿಗೂ ರೋಮಾಂಚನ. ಮಿಡಿತ ನೋಡಿದ್ರೆ ನಿಜವಾದ ಪ್ರಕಾಶ ಗೊತ್ತಾಗತ್ತೆ, ಅದನ್ನ ಕಾಣೋ ಬೆಳಕಿನ ಜೊತೆ ಹೋಲಿಸಿದ್ರೆ ದೂರ ಸಿಗತ್ತೆ. 1923ರಲ್ಲಿ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ಆಂಡ್ರೊಮಿಡಾ ಗ್ಯಾಲಕ್ಸಿಯಲ್ಲಿ ಸೆಫೀಡ್ ಕಂಡುಹಿಡಿದಾಗ ಲೆವಿಟ್ ತೀರಿಕೊಂಡು ಎರಡು ವರ್ಷ ಆಗಿತ್ತು.

ಹಬಲ್ ಹೇಳಿದ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ. ಈಗ ಗೊತ್ತಿರೋದು 25 ಲಕ್ಷ! ಅವರು ನೋಡಿದ್ದು ತಪ್ಪಲ್ಲ, ಸೆಫೀಡ್‌ಗಳಲ್ಲೇ ಎರಡು ಜಾತಿ ಇದೆ ಅಂತ ಆಗ ಯಾರಿಗೂ ಗೊತ್ತಿರ್ಲಿಲ್ಲ, 1952ರಲ್ಲಿ ವಾಲ್ಟರ್ ಬಾಡೆ ಅದನ್ನ ಹೇಳಿದ ಮೇಲೆ ಗ್ಯಾಲಕ್ಸಿಗಳ ದೂರ ಎಲ್ಲಾ ಒಂದೇ ಏಟಿಗೆ ಡಬಲ್ ಆಯ್ತು. ಯಾಕಂದ್ರೆ ನಮ್ಮದು ಏಣಿ ಲೆಕ್ಕ. ಹತ್ತಿರದ ನಕ್ಷತ್ರಗಳಿಗೆ ಭೂಮಿಯ ಸುತ್ತಾಟ ಬಳಸಿ ಕೋನ ಅಳೀತೀವಿ, ಅದರಿಂದ ಸೆಫೀಡ್ ಲೆಕ್ಕ, ಸೆಫೀಡ್‌ನಿಂದ ಇನ್ನೂ ದೂರದ ಸೂಪರ್‌ನೋವಾ (ಸಿಡಿಯೋ ನಕ್ಷತ್ರ) ಲೆಕ್ಕ, ಕೆಳಗಿನ ಮೆಟ್ಟಿಲಲ್ಲಿ ಎಡವಿದ್ರೆ ಮೇಲಿನದೆಲ್ಲಾ ತಪ್ಪತ್ತೆ.

ಈಗಲೂ ಜಗಳ ಮುಗಿದಿಲ್ಲ. ವಿಶ್ವ ಹಿಗ್ಗೋ ವೇಗ ಸೆಫೀಡ್ ಏಣಿಯಿಂದ ಪ್ರತಿ ಮೆಗಾಪಾರ್ಸೆಕ್‌ಗೆ (ಸುಮಾರು 33 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ) ಸೆಕೆಂಡಿಗೆ ಸುಮಾರು 73 ಕಿ.ಮೀ. ಬರತ್ತೆ, ವಿಶ್ವದ ಆದಿಕಾಲದಿಂದ ಉಳಿದುಬಂದಿರೋ ಮೈಕ್ರೋವೇವ್ ಬೆಳಕಿಂದ ಲೆಕ್ಕ ಹಾಕಿದ್ರೆ 67. ಹಬಲ್ ಟೆಲಿಸ್ಕೋಪ್‌ನಲ್ಲಿ ಅಕ್ಕಪಕ್ಕದ ನಕ್ಷತ್ರಗಳ ಬೆಳಕು ಸೆಫೀಡ್ ಜೊತೆ ಬೆರೆತು ಹೋಗಿರ್ಬಹುದು ಅಂತ ಒಂದು ಅನುಮಾನ ಇತ್ತು, ಅದಕ್ಕೇ ಅವೇ ಸೆಫೀಡ್‌ಗಳನ್ನ ಜೇಮ್ಸ್ ವೆಬ್ ಟೆಲಿಸ್ಕೋಪ್‌ನಲ್ಲಿ ಇನ್ನೂ ಸ್ಪಷ್ಟವಾಗಿ ನೋಡಿದ್ರು, ದೂರ ಹಳೇದಕ್ಕೇ ಹೊಂದಿಕೊಳ್ತು.