ಹೊಸ ಹಾರ್ಡ್ ಡಿಸ್ಕ್ ಜೋಡಿಸಿದ ಮೇಲೂ ಕಂಪ್ಯೂಟರಿನಲ್ಲಿ ಏಕೆ ಕಾಣಿಸುತ್ತಿಲ್ಲ?

ಓದುಗರ ಪ್ರಶ್ನೆ: ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ 4 ಟಿಬಿಯ ಹೊಸ ಹಾರ್ಡ್ ಡಿಸ್ಕ್ ತಂದು ನಾನೇ ಜೋಡಿಸಿದೆ. ಕಂಪ್ಯೂಟರ್ ಎಂದಿನಂತೆ ಆನ್ ಆಗುತ್ತದೆ, ಹೊಸ ಡಿಸ್ಕ್ ತಿರುಗುವ ಸದ್ದೂ ಕೇಳಿಸುತ್ತದೆ. ಆದರೆ ವಿಂಡೋಸ್‌ನ ‘ದಿಸ್ ಪಿಸಿ’ಯಲ್ಲಿ ಹಳೆಯ ಸಿ ಮತ್ತು ಡಿ ಡ್ರೈವ್‌ಗಳಷ್ಟೇ ಇವೆ. ಡಿಸ್ಕ್ ಕೆಟ್ಟಿದೆಯೇ? ಅಂಗಡಿಗೆ ವಾಪಸ್ ಕೊಡಬೇಕೇ?

ಉತ್ತರ: ಈಗಲೇ ವಾಪಸ್ ಕೊಡಬೇಡಿ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಡಿಸ್ಕ್ ಸರಿಯಾಗಿಯೇ ಇರುವ ಸಾಧ್ಯತೆ ಹೆಚ್ಚು. ಕಂಪ್ಯೂಟರಿನ ಒಳಗೆ ಕೂರಿಸುವ ಹಾರ್ಡ್ ಡಿಸ್ಕ್ ಕಾರ್ಖಾನೆಯಿಂದ ಬರಿದಾಗಿಯೇ ಬರುತ್ತದೆ. ಅದರಲ್ಲಿ ಪಾರ್ಟಿಷನ್ (ಡಿಸ್ಕಿನ ಜಾಗದಲ್ಲಿ ಗುರುತಿಸಿದ ಭಾಗ) ಇರುವುದಿಲ್ಲ, ಫೈಲ್ ಸಿಸ್ಟಮ್ (ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಕೂಡ ಇರುವುದಿಲ್ಲ. ಯುಎಸ್‌ಬಿ ಕೇಬಲ್ ಸಿಕ್ಕಿಸಿ ಬಳಸುವ ಹೊರಗಿನ ಹಾರ್ಡ್ ಡಿಸ್ಕ್‌ಗಳನ್ನು ಸಾಮಾನ್ಯವಾಗಿ ಫಾರ್ಮ್ಯಾಟ್ ಮಾಡಿಯೇ ಮಾರುವುದರಿಂದ ಅವು ಸಿಕ್ಕಿಸಿದ ಕೂಡಲೇ ತೆರೆದುಕೊಳ್ಳುತ್ತವೆ, ಒಳಗಿನ ಡಿಸ್ಕ್ ಕೂಡ ಹಾಗೆಯೇ ತೆರೆದುಕೊಳ್ಳುತ್ತದೆ ಎಂದು ನಾವು ನಿರೀಕ್ಷಿಸುತ್ತೇವೆ. ‘ದಿಸ್ ಪಿಸಿ’ ತೋರಿಸುವುದು ಡಿಸ್ಕ್‌ಗಳನ್ನಲ್ಲ, ಫಾರ್ಮ್ಯಾಟ್ ಆಗಿ ಒಂದು ಅಕ್ಷರವನ್ನು ಪಡೆದ ಭಾಗಗಳನ್ನು ಮಾತ್ರ. ಅಳತೆಯಾಗದ, ಸರ್ವೆ ನಂಬರ್ ಬೀಳದ ಜಮೀನು ಪಹಣಿಯಲ್ಲಿ ಕಾಣುವುದಿಲ್ಲವೆಂದ ಮಾತ್ರಕ್ಕೆ ಜಮೀನೇ ಇಲ್ಲವೆಂದು ಅರ್ಥವಲ್ಲ, ಇಲ್ಲಿಯೂ ಅಷ್ಟೇ.

ವಿಂಡೋಸ್ ಕೀ ಒತ್ತಿ ಹಿಡಿದು ಎಕ್ಸ್ ಒತ್ತಿದರೆ ತೆರೆಯುವ ಪಟ್ಟಿಯಲ್ಲಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬುದನ್ನು ಆರಿಸಿಕೊಳ್ಳಿ. ತೆರೆದ ಕಿಟಕಿಯ ಮೇಲಿನ ಅರ್ಧವನ್ನು ಬಿಟ್ಟು ಕೆಳಗಿನ ಅರ್ಧವನ್ನು ನೋಡಿ. ಅಲ್ಲಿ ಪ್ರತಿ ಡಿಸ್ಕಿಗೂ ಒಂದೊಂದು ಸಾಲು ಇರುತ್ತದೆ. ನಿಮ್ಮ ಹೊಸ ಡಿಸ್ಕಿನ ಸಾಲಿನ ಎಡಗಡೆ ‘ಡಿಸ್ಕ್ 1’, ‘ಅನ್‌ನೋನ್’, ‘3726.02 ಜಿಬಿ’, ‘ನಾಟ್ ಇನಿಷಿಯಲೈಸ್ಡ್’ ಎಂದು ಒಂದರ ಕೆಳಗೊಂದು ಬರೆದಿರುತ್ತದೆ. ಬಲಗಡೆ ಉದ್ದನೆಯ ಖಾಲಿ ಪಟ್ಟಿ, ಅದರ ತಲೆಯ ಮೇಲೊಂದು ಕಪ್ಪು ಗೆರೆ, ಒಳಗೆ ‘ಅನ್‌ಅಲೊಕೇಟೆಡ್’ ಎಂಬ ಮಾತು. ಇಷ್ಟು ಕಂಡರೆ ಕೇಬಲ್, ಕರೆಂಟು, ಮದರ್‌ಬೋರ್ಡ್ ಯಾವುದರಲ್ಲೂ ತೊಂದರೆಯಿಲ್ಲ. ಎಷ್ಟೋ ಬಾರಿ ಈ ಕಿಟಕಿ ತೆರೆಯುತ್ತಿದ್ದಂತೆಯೇ, ಡಿಸ್ಕನ್ನು ಇನಿಷಿಯಲೈಸ್ ಮಾಡಬೇಕು (ಬಳಕೆಗೆ ಸಿದ್ಧಗೊಳಿಸಬೇಕು) ಎಂಬ ಇನ್ನೊಂದು ಸಣ್ಣ ಕಿಟಕಿ ತಾನಾಗಿಯೇ ಎದುರಿಗೆ ಬಂದು ಡಿಸ್ಕಿನ ಭಾಗಗಳ ದಾಖಲೆಯನ್ನು ಬರೆದಿಡುವ ಎಂಬಿಆರ್ ಮತ್ತು ಜಿಪಿಟಿ ಎಂಬ ಎರಡು ಪದ್ಧತಿಗಳಲ್ಲಿ ಒಂದನ್ನು ಆರಿಸಲು ಹೇಳುತ್ತದೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಿಮ್ಮ ಡಿಸ್ಕ್ ಹೊಸದು, ಆದ್ದರಿಂದ ಮುಂದುವರಿಯಬಹುದು. ಆದರೆ ಹಳೆಯ ಕಂಪ್ಯೂಟರಿನಿಂದ ಬಿಚ್ಚಿ ತಂದ, ಒಳಗೆ ಮದುವೆಯ ಫೋಟೊಗಳೋ ಅಂಗಡಿಯ ಲೆಕ್ಕವೋ ಇರುವ ಡಿಸ್ಕನ್ನು ಜೋಡಿಸಿದಾಗಲೂ, ಅದರ ಮೊದಲ ಸೆಕ್ಟರುಗಳು (ಡಿಸ್ಕ್ ಮಾಹಿತಿ ಬರೆದಿಡುವ ಸಣ್ಣ ತುಣುಕುಗಳು) ಹಾಳಾಗಿದ್ದರೆ ಇದೇ ಕಿಟಕಿ ಇದೇ ಮಾತಿನಲ್ಲಿ ಎದುರಾಗುತ್ತದೆ. ಆಗ ‘ಓಕೆ’ ಒತ್ತಲೇಬಾರದು, ‘ಕ್ಯಾನ್ಸಲ್’ ಒತ್ತಬೇಕು. ಇನಿಷಿಯಲೈಸ್ ಮಾಡಿದ ಮಾತ್ರಕ್ಕೆ ಫೈಲುಗಳೆಲ್ಲ ಅಳಿಸಿಹೋಗುವುದಿಲ್ಲ ಎಂಬುದು ನಿಜ. ಆದರೆ ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಇತ್ತು ಎಂಬ ದಾಖಲೆಯ ಮೇಲೆ ಹೊಸ ದಾಖಲೆ ಕೂರುತ್ತದೆ, ಅದರ ಬೆನ್ನಿಗೇ ಫಾರ್ಮ್ಯಾಟನ್ನೂ ಮಾಡಿಬಿಟ್ಟರೆ ಫೈಲುಗಳನ್ನು ಹಿಂಪಡೆಯುವ ಕೆಲಸ ಇನ್ನಷ್ಟು ಕಷ್ಟವಾಗುತ್ತದೆ. ಹಳೆಯ ಡಿಸ್ಕ್ ‘ರಾ’ (ಫೈಲ್ ಸಿಸ್ಟಮ್ ಗುರುತಿಸಲಾಗುತ್ತಿಲ್ಲ) ಎಂದು ಕಾಣಿಸಿ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಿ ಎಂದು ವಿಂಡೋಸ್ ಕೇಳಿದಾಗಲೂ ಉತ್ತರ ಇದೇ ಆಗಿರಬೇಕು. ಡಿಸ್ಕಿನಲ್ಲಿ ಏನಿತ್ತು ಎಂಬುದು ವಿಂಡೋಸಿಗೆ ಗೊತ್ತಿಲ್ಲ, ನಿಮಗೆ ಗೊತ್ತಿದೆ. ಆದ್ದರಿಂದ ತೀರ್ಮಾನ ನಿಮ್ಮದಾಗಿರಬೇಕು.

ಹೊಸ ಡಿಸ್ಕಿನ ವಿಷಯಕ್ಕೆ ಬರೋಣ. ಎರಡರಲ್ಲಿ ಜಿಪಿಟಿಯನ್ನೇ ಆರಿಸಿ. ಎಂಬಿಆರ್ ಎಂಬುದು 1983ರಲ್ಲಿ ಪಿಸಿ ಡಾಸ್ 2.0ರೊಂದಿಗೆ ಬಂದ ಪದ್ಧತಿ. ಅದು ಸೆಕ್ಟರುಗಳ ಲೆಕ್ಕವನ್ನು 32 ಬಿಟ್‌ಗಳಲ್ಲಿ ಬರೆದಿಡುತ್ತದೆ. ಒಂದು ಸೆಕ್ಟರಿಗೆ 512 ಬೈಟಿನಂತೆ ಹಿಡಿದರೆ ಅದರ ಎಣಿಕೆ ಸುಮಾರು 2.2 ಟಿಬಿಗೆ ಮುಗಿದುಹೋಗುತ್ತದೆ. ಹತ್ತಿಪ್ಪತ್ತು ಎಂಬಿಯ ಡಿಸ್ಕುಗಳಿದ್ದ ಕಾಲಕ್ಕೆ ಅದು ಧಾರಾಳವಾಗಿತ್ತು. ನಿಮ್ಮ 4 ಟಿಬಿ ಡಿಸ್ಕಿಗೆ ಎಂಬಿಆರ್ ಆರಿಸಿದರೆ ಖಾಲಿ ಜಾಗ 2048 ಜಿಬಿ ಮತ್ತು 1678.02 ಜಿಬಿ ಎಂದು ಎರಡು ತುಂಡಾಗಿ ಕಾಣಿಸುತ್ತದೆ, ಎರಡನೆಯ ತುಂಡಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಯಾವ ಆಯ್ಕೆಯೂ ಕೆಲಸ ಮಾಡುವುದಿಲ್ಲ. ‘4 ಟಿಬಿ ಡಿಸ್ಕ್ ತಂದರೆ 2 ಟಿಬಿ ಮಾತ್ರ ಬಳಸಲು ಆಗುತ್ತಿದೆ’ ಎಂಬ ದೂರಿಗೆ ಬಹುಪಾಲು ಇದೇ ಕಾರಣ. ಹಾಗಾಗಿದ್ದರೆ, ಡಿಸ್ಕಿನಲ್ಲಿ ಇನ್ನೂ ಏನನ್ನೂ ತುಂಬಿಲ್ಲವಾದರೆ, ಮಾಡಿದ ಪಾರ್ಟಿಷನ್ನನ್ನು ಅಳಿಸಿ, ಎಡಗಡೆಯ ‘ಡಿಸ್ಕ್ 1’ ಎಂಬ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಜಿಪಿಟಿಗೆ ಬದಲಾಯಿಸಿಕೊಳ್ಳಬಹುದು.

ಆಮೇಲೆ ಉಳಿಯುವ ಕೆಲಸ ಸ್ವಲ್ಪ. ಖಾಲಿ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ನ್ಯೂ ಸಿಂಪಲ್ ವಾಲ್ಯೂಮ್’ ಆರಿಸಿ, ಎನ್‌ಟಿಎಫ್‌ಎಸ್ ಎಂಬ ಫೈಲ್ ಸಿಸ್ಟಮನ್ನು ಹಾಗೆಯೇ ಬಿಟ್ಟು, ಅಕ್ಷರವೊಂದನ್ನು ಕೊಟ್ಟು ಮುಗಿಸಿದರೆ ಕಪ್ಪು ಗೆರೆ ನೀಲಿಯಾಗುತ್ತದೆ, ‘ದಿಸ್ ಪಿಸಿ’ಯಲ್ಲಿ ಹೊಸ ಡ್ರೈವ್ ಕಾಣಿಸಿಕೊಳ್ಳುತ್ತದೆ. ಅದರ ಗಾತ್ರ 3.63 ಟಿಬಿ ಎಂದಿರುವುದನ್ನು ಕಂಡು ಮೋಸಹೋದೆನೆಂದು ಭಾವಿಸಬೇಕಾಗಿಲ್ಲ. ತಯಾರಕರು 1 ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟ್ ಎಂದು ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಗುಣಕದಲ್ಲಿ ಎಣಿಸುತ್ತದೆ. ಬೈಟುಗಳು ಅಷ್ಟೇ ಇವೆ. ನೀವು ಲಿನಕ್ಸ್ ಬಳಸುವವರಾದರೆ ‘ಜಿಪಾರ್ಟೆಡ್’ ಎಂಬ ತಂತ್ರಾಂಶದಲ್ಲಿ ಇದೇ ಕೆಲಸವನ್ನು ಮಾಡಿಕೊಳ್ಳಬಹುದು, ಅಲ್ಲಿಯೂ ಜಿಪಿಟಿಯ ಮಾತು ಹಾಗೆಯೇ ಅನ್ವಯಿಸುತ್ತದೆ.

ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿಯೂ ಡಿಸ್ಕ್ ಕಾಣದಿದ್ದರೆ ವಿಷಯ ಬೇರೆ. ಆಗ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಡಿಲೀಟ್ ಅಥವಾ ಎಫ್2 ಕೀಯನ್ನು ಒತ್ತುತ್ತ ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶ) ಒಳಹೊಕ್ಕು ಸಾಟಾ ಪೋರ್ಟ್‌ಗಳ (ಡಿಸ್ಕಿನ ಮಾಹಿತಿ ಕೇಬಲ್ ಸಿಕ್ಕಿಸುವ ಜಾಗಗಳ) ಪಟ್ಟಿಯನ್ನು ನೋಡಬೇಕು. ಅಲ್ಲಿಯೂ ಹೊಸ ಡಿಸ್ಕಿನ ಹೆಸರಿಲ್ಲದಿದ್ದರೆ ವಿಂಡೋಸನ್ನು ಎಷ್ಟು ತಡಕಾಡಿದರೂ ಪ್ರಯೋಜನವಿಲ್ಲ, ಕ್ಯಾಬಿನೆಟ್ ಬಿಚ್ಚಲೇಬೇಕು. ಬಯಾಸ್‌ನಲ್ಲಿರುವಾಗ ಸಾಟಾ ಮೋಡ್ ಎಂಬ ಜಾಗದಲ್ಲಿ ಎಎಚ್‌ಸಿಐ, ರೈಡ್ ಎಂಬ ಆಯ್ಕೆಗಳನ್ನು ಬದಲಿಸಿ ನೋಡುವ ಆಸೆ ಬರಬಹುದು. ಅದನ್ನು ಮುಟ್ಟಬೇಡಿ, ಬದಲಿಸಿದರೆ ಈಗ ಚೆನ್ನಾಗಿ ನಡೆಯುತ್ತಿರುವ ವಿಂಡೋಸ್ ಕೂಡ ಬೂಟ್ ಆಗದೆ ನಿಲ್ಲಬಹುದು.

ಬಿಚ್ಚುವ ಮೊದಲು ಕಂಪ್ಯೂಟರನ್ನು ಪೂರ್ತಿ ಷಟ್‌ಡೌನ್ ಮಾಡಿ, ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆ) ಹಿಂದಿನ ಸ್ವಿಚ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಳ್ಳಿ. ಸಾಟಾ ಡಿಸ್ಕಿನ ಹಿಂಬದಿಯಲ್ಲಿ ಎರಡು ಕನೆಕ್ಟರುಗಳಿವೆ: ಚಿಕ್ಕದರಲ್ಲಿ 7 ಸಂಪರ್ಕಗಳು, ಅದು ಮಾಹಿತಿಗೆ, ಅಗಲವಾದದ್ದರಲ್ಲಿ 15 ಸಂಪರ್ಕಗಳು, ಅದು ಕರೆಂಟಿಗೆ. ಎರಡರ ಒಳಗೂ ಇಂಗ್ಲಿಷಿನ ಎಲ್ ಅಕ್ಷರದಂತೆ ತುದಿಯಲ್ಲಿ ಮಡಚಿದ ತೆಳುವಾದ ಪ್ಲಾಸ್ಟಿಕ್ ನಾಲಗೆಯೊಂದಿದೆ. ಸಂಪರ್ಕದ ಲೋಹಪಟ್ಟಿಗಳೆಲ್ಲ ಅಂಟಿಕೊಂಡಿರುವುದು ಅದರ ಮೇಲೆ. ಕೇಬಲ್ಲನ್ನು ತಿರುಗುಮುರುಗಾಗಿ ಒತ್ತಿದರೆ ಅಥವಾ ಕೀಳುವಾಗ ಪಕ್ಕಕ್ಕೆ ಎಳೆದರೆ ಆ ನಾಲಗೆ ಮುರಿಯುತ್ತದೆ, ಒಳಗಿನ ತಟ್ಟೆಗಳು ಎಷ್ಟೇ ಚೆನ್ನಾಗಿದ್ದರೂ ಡಿಸ್ಕ್ ನಿರುಪಯುಕ್ತವಾಗುತ್ತದೆ. ಬೆರಳಿನ ತುದಿಯಲ್ಲಿ ಎಲ್ ಆಕಾರ ಯಾವ ಕಡೆಗಿದೆಯೆಂದು ನೋಡಿಕೊಂಡು ನೇರವಾಗಿ ಒತ್ತಿ. ಲೋಹದ ಕ್ಲಿಪ್ ಇರುವ ಕೇಬಲ್ಲಾದರೆ ಕ್ಲಿಪ್ಪನ್ನು ಅದುಮಿಕೊಂಡೇ ಹಿಂದಕ್ಕೆ ತೆಗೆಯಿರಿ. ಮಾಹಿತಿಯ ಕೇಬಲ್ಲಿನ ಇನ್ನೊಂದು ತುದಿ ಮದರ್‌ಬೋರ್ಡಿನಲ್ಲಿ ಅರ್ಧ ಮಾತ್ರ ಕೂತಿರುವುದು ತೀರಾ ಸಾಮಾನ್ಯ. ಒಮ್ಮೆ ಬೇರೆ ಕೇಬಲ್ ಹಾಕಿ ನೋಡಿ, ಕೇಬಲ್ ಎಂಬುದು ಈ ಇಡೀ ಜೋಡಣೆಯಲ್ಲಿ ಅತ್ಯಂತ ಅಗ್ಗದ ವಸ್ತು.

ಪೋರ್ಟ್ ಬದಲಿಸಿ ನೋಡುವುದೂ ಮುಖ್ಯ. ಈಚಿನ ಹಲವು ಮದರ್‌ಬೋರ್ಡುಗಳಲ್ಲಿ ಎಂ.2 ಸ್ಲಾಟ್ (ತೆಳುವಾದ ಎಸ್‌ಎಸ್‌ಡಿ ಕೂರಿಸುವ ಜಾಗ) ಮತ್ತು ಒಂದೆರಡು ಸಾಟಾ ಪೋರ್ಟುಗಳು ಒಂದೇ ದಾರಿಯನ್ನು ಹಂಚಿಕೊಂಡಿರುತ್ತವೆ, ಎಂ.2 ಸ್ಲಾಟಿನಲ್ಲಿ ಎಸ್‌ಎಸ್‌ಡಿ ಕೂತಿದ್ದರೆ ಆ ಪೋರ್ಟುಗಳು ಕೆಲಸ ಮಾಡುವುದಿಲ್ಲ. ಅಂಥ ಪೋರ್ಟಿಗೆ ಜೋಡಿಸಿದ ಡಿಸ್ಕ್ ನಿಮ್ಮದರಂತೆಯೇ ಸದ್ದುಮಾಡುತ್ತ ತಿರುಗುತ್ತದೆ, ಆದರೆ ಬಯಾಸಿಗೆ ಕಾಣಿಸುವುದಿಲ್ಲ. ಯಾವ ಸ್ಲಾಟಿಗೆ ಯಾವ ಪೋರ್ಟ್ ನಿಲ್ಲುತ್ತದೆ ಎಂಬುದನ್ನು ಮದರ್‌ಬೋರ್ಡಿನ ಕೈಪಿಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತಾರೆ.

ಡಿಸ್ಕ್ ತಿರುಗುವ ಸದ್ದೇ ಇಲ್ಲದಿದ್ದರೆ ಕರೆಂಟಿನ ಕಡೆ ಹುಡುಕಬೇಕು. ಯುಎಸ್‌ಬಿ ಪೆಟ್ಟಿಗೆಯಿಂದ ಬಿಚ್ಚಿ ತೆಗೆದ ಕೆಲವು ಡಿಸ್ಕುಗಳನ್ನು ಹಳೆಯ ಎಸ್‌ಎಂಪಿಎಸ್‌ಗೆ ಜೋಡಿಸಿದರೆ ಅವು ತಿರುಗುವುದೇ ಇಲ್ಲ. ಹೊಸ ಸಾಟಾ ನಿಯಮದಲ್ಲಿ ಮೂರನೆಯ ಪಿನ್ನಿಗೆ 3.3 ವೋಲ್ಟ್ ಬಂದರೆ ಡಿಸ್ಕ್ ನಿಲ್ಲಬೇಕು ಎಂದಿದೆ, ಹಳೆಯ ಎಸ್‌ಎಂಪಿಎಸ್‌ಗಳು ಆ ಪಿನ್ನಿಗೆ ಸದಾ 3.3 ವೋಲ್ಟ್ ಕೊಡುತ್ತಿರುತ್ತವೆ. ಎರಡೂ ಕೆಟ್ಟಿರುವುದಿಲ್ಲ, ಒಂದಕ್ಕೊಂದು ಹೊಂದುವುದಿಲ್ಲ ಅಷ್ಟೇ. 3.3 ವೋಲ್ಟ್ ತಂತಿಯೇ ಇಲ್ಲದ, ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಕೇಬಲ್ ಹಾಕಿದರೆ ಇದು ಸರಿಹೋಗುತ್ತದೆ. ಆ ಕೇಬಲ್ ಕೊಳ್ಳುವಾಗ ಸಾಟಾ ತುದಿಯ ಪ್ಲಾಸ್ಟಿಕ್ಕನ್ನು ತಂತಿಗಳ ಸುತ್ತ ಕರಗಿಸಿ ಅಚ್ಚೊತ್ತಿದ್ದನ್ನು ಬಿಟ್ಟು, ಪ್ರತಿ ತಂತಿಯನ್ನೂ ಬೇರೆಬೇರೆಯಾಗಿ ಸಿಕ್ಕಿಸಿರುವುದು ಕಾಣುವಂಥದ್ದನ್ನು ಆರಿಸಿಕೊಳ್ಳಿ. ಅಚ್ಚೊತ್ತಿದ ಬಗೆಯ ಕೇಬಲ್ಲುಗಳ ಒಳಗೆ ಷಾರ್ಟ್ ಆಗಿ ಬೆಂಕಿ ಹತ್ತಿದ್ದುಂಟು.

ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ಕೇಬಲ್ಲುಗಳನ್ನು ಕಿತ್ತು ಹಾಕಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ನಿಮ್ಮದಾದರೆ, ಅದರ ಜೊತೆ ಬಂದ ಕೇಬಲ್ಲನ್ನೇ ಬಳಸಬೇಕು. ಡಿಸ್ಕಿನ ಕಡೆಯ ತುದಿ ಎಲ್ಲ ಕಂಪನಿಯದೂ ಒಂದೇ ಬಗೆ; ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟೇಜ್ ಎಂಬುದಕ್ಕೆ ಸಾಮಾನ್ಯ ನಿಯಮವಿಲ್ಲ, ಒಂದೇ ಕಂಪನಿಯ ಎರಡು ಮಾದರಿಗಳಲ್ಲಿಯೂ ಅದು ಬೇರೆಯಾಗಿರಬಹುದು. ಪ್ಲಗ್ ಸಲೀಸಾಗಿ ಕೂರುತ್ತದೆ, ಆದರೆ 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋಗಿ, ಆನ್ ಮಾಡಿದ ಕ್ಷಣದಲ್ಲೇ ಡಿಸ್ಕಿನ ಸರ್ಕ್ಯೂಟ್ ಸುಟ್ಟುಹೋಗಬಹುದು. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಬಿಡಿ ಕೇಬಲ್ಲುಗಳು ಸುಲಭವಾಗಿ ಸಿಗುತ್ತವೆ. ಮಾಹಿತಿಯ ಕೇಬಲ್ಲನ್ನು ಅಲ್ಲಿ ಧೈರ್ಯವಾಗಿ ಕೊಳ್ಳಿ, ಮಾಡ್ಯುಲರ್ ಎಸ್‌ಎಂಪಿಎಸ್‌ನ ಕೇಬಲ್ಲನ್ನು ಮಾತ್ರ ನಿಮ್ಮ ಮಾದರಿಗೇ ಸೇರಿದ್ದೆಂದು ಖಚಿತವಾಗದೆ ಕೊಳ್ಳಬೇಡಿ.

ಕ್ಯಾಬಿನೆಟ್ ತೆರೆದಿರುವಾಗಲೇ ಡಿಸ್ಕ್ ಭದ್ರವಾಗಿ ಕೂತಿದೆಯೇ ಎಂದು ನೋಡಿ. 3.5 ಇಂಚಿನ ಡಿಸ್ಕಿಗೆ ಅಗಲ ಎಳೆಯ ದಪ್ಪ ಸ್ಕ್ರೂ, 2.5 ಇಂಚಿನದಕ್ಕೆ ಸಣ್ಣ ಎಳೆಯ ಎಂ3 ಸ್ಕ್ರೂ. ಒಂದರ ಸ್ಕ್ರೂ ಇನ್ನೊಂದಕ್ಕೆ ಹಾಕಿ ಬಲವಂತವಾಗಿ ತಿರುಗಿಸಿದರೆ ಎಳೆ ಹಾಳಾಗುತ್ತದೆ. ಮಲಗಿಸಿ ಅಥವಾ ಪಕ್ಕಕ್ಕೆ ನಿಲ್ಲಿಸಿ ಹೇಗೆ ಕೂರಿಸಿದರೂ ಆಗುತ್ತದೆ, ಆದರೆ ಸಡಿಲವಾಗಿ ಕ್ಯಾಬಿನೆಟ್ಟಿನ ತಳದಲ್ಲಿ ಇಟ್ಟುಬಿಡಬಾರದು. ಒಳಗಿನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತವೆ, ಓದುವ ಹೆಡ್ ಅವುಗಳಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ಓಡುತ್ತಿರುವ ಡಿಸ್ಕನ್ನು ಅಲುಗಿಸುವುದು, ಎತ್ತಿಡುವುದು ಯಾವ ಕಾರಣಕ್ಕೂ ಸಲ್ಲದು.

ಎಲ್ಲವನ್ನೂ ಮುಚ್ಚಿ ಆನ್ ಮಾಡಿದಾಗ ಕೆಲವೊಮ್ಮೆ ವಿಂಡೋಸ್ ಬಾರದೆ, ಬೂಟ್ ಮಾಡಲು ಏನೂ ಸಿಗಲಿಲ್ಲ ಎಂಬ ಸಂದೇಶ ಬರುವುದುಂಟು. ಹೊಸ ಡಿಸ್ಕ್ ಬೂಟ್ ಸರದಿಯಲ್ಲಿ ಮೊದಲ ಸ್ಥಾನಕ್ಕೆ ಬಂದಿರುತ್ತದೆ ಅಷ್ಟೇ. ಬಯಾಸಿಗೆ ಹೋಗಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅಥವಾ ಹಳೆಯ ಡಿಸ್ಕಿನ ಹೆಸರನ್ನು ಮೊದಲಿಗೆ ತಂದರೆ ಸರಿಯಾಗುತ್ತದೆ.

ಡಿಸ್ಕ್ ಕಾಣಿಸಿಕೊಂಡ ಮೇಲೆ ಅದರೊಳಗೆ ಅಮೂಲ್ಯವಾದದ್ದನ್ನು ತುಂಬುವ ಮೊದಲು ಒಂದು ಪರೀಕ್ಷೆಯನ್ನು ಮಾಡಿಕೊಳ್ಳಿ ಎಂದು ನಾನು ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ‘ಕ್ರಿಸ್ಟಲ್ ಡಿಸ್ಕ್ ಇನ್ಫೊ’ ಎಂಬ ಉಚಿತ ತಂತ್ರಾಂಶ ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆಯನ್ನು ಓದಿ ತೋರಿಸುತ್ತದೆ. ಅದರಲ್ಲಿ ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂಬ ಅಂಕಿಯಿದೆ. ಹೊಸ ಡಿಸ್ಕಿಗೆ ಅದು ಸೊನ್ನೆಯ ಆಸುಪಾಸಿನಲ್ಲಿರಬೇಕು. 05 ಮತ್ತು ಸಿ5 ಎಂಬ ಸಾಲುಗಳ ಕೊನೆಯ ಅಂಕಣ ಪೂರ್ತಿ ಸೊನ್ನೆಯಾಗಿರಬೇಕು, ಮೊದಲನೆಯದು ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರುಗಳ ಲೆಕ್ಕ, ಎರಡನೆಯದು ಓದಲಾಗದೆ ಅನುಮಾನದಲ್ಲಿರುವವುಗಳ ಲೆಕ್ಕ. ಆಮೇಲೆ ಒಮ್ಮೆ ‘ಕ್ವಿಕ್ ಫಾರ್ಮ್ಯಾಟ್’ ಗುರುತನ್ನು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ವಿಂಡೋಸ್ ಆಗ ಡಿಸ್ಕಿನ ಉದ್ದಗಲಕ್ಕೂ ಸೊನ್ನೆಗಳನ್ನು ಬರೆಯುತ್ತ ಹೋಗುತ್ತದೆ. ಸೆಕೆಂಡಿಗೆ ಸರಾಸರಿ 150 ಎಂಬಿ ಬರೆಯುವ ಡಿಸ್ಕಾದರೆ 4 ಟಿಬಿಗೆ ಏಳು ಗಂಟೆಗೂ ಹೆಚ್ಚು ಹಿಡಿಯುವುದರಿಂದ ರಾತ್ರಿ ಹಚ್ಚಿ ಮಲಗುವುದು ಒಳ್ಳೆಯದು, ಕರೆಂಟು ಹೋಗುವ ಊರಾದರೆ ಯುಪಿಎಸ್ ಇರಲಿ. ಬೆಳಗ್ಗೆ ಎದ್ದು ಅದೇ ಎರಡು ಸಾಲುಗಳನ್ನು ಮತ್ತೆ ನೋಡಿ. ಸೊನ್ನೆ ಸೊನ್ನೆಯಾಗಿಯೇ ಉಳಿದಿದ್ದರೆ ಡಿಸ್ಕನ್ನು ಬಳಸಲು ಆರಂಭಿಸಿ. ಅಂಕಿ ಏರಿದ್ದರೆ, ಅಥವಾ ಹೊಸದೆಂದು ಕೊಂಡ ಡಿಸ್ಕ್ ಸಾವಿರಾರು ಗಂಟೆ ಓಡಿದೆಯೆಂದು ಕಂಡರೆ, ಪರದೆಯ ಚಿತ್ರವನ್ನು ತೆಗೆದಿಟ್ಟುಕೊಂಡು, ಬಿಲ್ಲಿನೊಂದಿಗೆ ವಾಪಸಾತಿಯ ಅವಧಿ ಮುಗಿಯುವ ಮೊದಲೇ ಅಂಗಡಿಗೆ ಹೋಗಿ ಬದಲಿ ಡಿಸ್ಕ್ ಕೇಳಿ.