ಬಿಳುಪು ಹುಡುಕಿದವರಿಗೆ ಸಿಕ್ಕ ನೀಲಿ

ಒಂಬತ್ತನೆಯ ಶತಮಾನದ ಹೊತ್ತಿಗೇ ಚೀನಾದ ಬಿಳಿ ಪಾತ್ರೆಗಳು ಹಡಗೇರಿ ಪರ್ಷಿಯನ್ ಕೊಲ್ಲಿಗೆ ಬರುತ್ತಿದ್ದವು. ಮುಂದೆ ಬಂದ ತೆಳುವಾದ ಪಿಂಗಾಣಿ ಬಟ್ಟಲುಗಳಂತೂ ಬೆಳಕನ್ನೇ ಒಳಗೆ ಬಿಟ್ಟುಕೊಳ್ಳುತ್ತಿದ್ದವು. ಅಂಥದ್ದನ್ನು ಮಾಡಲು ಕೇಯೋಲಿನ್ ಎಂಬ ಬಿಳಿ ಜೇಡಿ ಬೇಕು, ಆವಿಗೆಯಲ್ಲಿ ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಇರಾನಿನ ಕುಂಬಾರರಿಗೆ ಇವೆರಡೂ ಎಟುಕಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಅವರು ಬೇರೆ ದಾರಿ ಹಿಡಿದರು. ಇರಾನಿನ ಕಾಶಾನ್ ಪಟ್ಟಣದ ಕುಂಬಾರ ಮನೆತನದ ಅಬುಲ್ ಖಾಸಿಂ 1301ರಲ್ಲಿ ಆ ಪಾಕವನ್ನು ಬರೆದಿಟ್ಟಿದ್ದಾನೆ: ಹತ್ತು ಪಾಲು ಬೆಣಚುಕಲ್ಲಿನ ಪುಡಿ, ಒಂದು ಪಾಲು ಗಾಜಿನ ಪುಡಿ, ಒಂದು ಪಾಲು ಸ್ಥಳೀಯ ಬಿಳಿ ಜೇಡಿ. ಜೇಡಿ ಇಷ್ಟು ಕಡಿಮೆಯಾದರೆ ಮಿಶ್ರಣ ಬಾಗುವುದಿಲ್ಲ, ತಿಗರಿಯ ಮೇಲೆ ಎತ್ತುವುದು ಕಷ್ಟ. ಹೀಗಾಗಿ ಎಷ್ಟೋ ಪಾತ್ರೆಗಳನ್ನು ಅಚ್ಚಿಗೆ ಒತ್ತಿಯೇ ಮಾಡಿದರು. ಪಿಂಗಾಣಿಯ ಅರೆಪಾರದರ್ಶಕತೆಗಾಗಿ ಅವರು ಹೂಡಿದ ಉಪಾಯ ನನಗೆ ಬಹಳ ಇಷ್ಟ: ಹಸಿ ಬಟ್ಟಲಿನ ಗೋಡೆಗೆ ಸಣ್ಣ ತೂತುಗಳನ್ನು ಕೊರೆದು ಮೆರುಗಿನಿಂದ, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪದಿಂದ, ಮುಚ್ಚಿದರು. ಸುಟ್ಟ ಮೇಲೆ ತೂತುಗಳು ಪುಟ್ಟ ಗಾಜಿನ ಕಿಟಕಿಗಳಾದವು.

ಪಾತ್ರೆಯ ಈ ಬೆಣಚಿನ ಮೈ ಇನ್ನೊಂದು ಬಾಗಿಲನ್ನೂ ತೆರೆಯಿತು. ಗಿಡಗಳ ಬೂದಿಯ ಕ್ಷಾರದಿಂದ ಮಾಡಿದ ಮೆರುಗು ಸುಟ್ಟ ಮೇಲೆ ತಣ್ಣಗಾಗುವಾಗ ಬಹಳ ಕುಗ್ಗುತ್ತದೆ. ಸಾಧಾರಣ ಮಣ್ಣು ಅಷ್ಟು ಕುಗ್ಗದೆ ಮೆರುಗು ಬಿರುಕು ಬಿಡುತ್ತದೆ. ಬೆಣಚು ಹೆಚ್ಚಿರುವ ಮೈ ಮೆರುಗಿನ ಜೊತೆಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಆ ಕ್ಷಾರಕ್ಕೆ ತುಸು ತಾಮ್ರ ಸೇರಿದರೆ ಹಸಿರು ಬೆರೆತ ಉಜ್ವಲ ನೀಲಿ! ಅದೇ ತಾಮ್ರ ಸೀಸದ ಮೆರುಗಿನಲ್ಲಿ ಬರಿ ಹಸಿರಾಗುತ್ತದೆ. ಕೋಬಾಲ್ಟ್ ಹಾಕಿದರೆ ಕಡುನೀಲಿ. ಅದರ ಅದಿರು ಕಾಶಾನ್ ಬಳಿಯ ಕಂಸರ್‌ನಲ್ಲೇ ಸಿಗುತ್ತಿತ್ತು.

ಆ ಕಾಲದ ಒಂದು ನೀಲಿ ಹೂಜಿಯ ಬುಡವನ್ನು ಗಮನಿಸಿ. ಮೆರುಗು ಇಳಿದು ಬಂದು ತಳಕ್ಕೆ ಸ್ವಲ್ಪ ಮೇಲೆಯೇ ದಪ್ಪ ಹನಿಗಳಾಗಿ ನಿಂತಿರುತ್ತದೆ, ಕೆಳಗೆ ಬಿಳಿಚಿದ ಮೈ ಬರಿದಾಗಿ ಕಾಣುತ್ತದೆ. ಆಕಾರದಲ್ಲಿ, ಒಂದೇ ಬಣ್ಣವನ್ನು ನೆಚ್ಚುವ ಸಂಯಮದಲ್ಲಿ ಚೀನಾದ ನೆನಪಿದೆ. ಬಣ್ಣ ಮಾತ್ರ ಪೂರ್ತಿ ಇರಾನಿನದು.

ಚೀನಾದ ಸೆಳೆತ ಅಲ್ಲಿಗೇ ನಿಲ್ಲಲಿಲ್ಲ. 1611ರ ಸುಮಾರಿಗೆ ಇರಾನಿನ ದೊರೆ ಷಾ ಅಬ್ಬಾಸ್ ಸಾವಿರಕ್ಕೂ ಹೆಚ್ಚು ಚೀನೀ ಪಾತ್ರೆಗಳನ್ನು ಅರ್ದಬೀಲ್‌ನ ದರ್ಗಾಕ್ಕೆ ಅರ್ಪಿಸಿದ. ಅದೇ ಶತಮಾನದಲ್ಲಿ ಕೆರ್ಮಾನ್‌ನ ಕುಶಲಕರ್ಮಿಗಳು ಚೀನಾದ ಸೆಲಡಾನ್ ಎಂಬ ತಿಳಿಹಸಿರು ಮೆರುಗನ್ನು ತಮ್ಮ ಬೆಣಚಿನ ಮೈಯ ಮೇಲೆ ಮೂಡಿಸಿದರು. ತೂತು ಕೊರೆದು ಮೆರುಗು ತುಂಬುವ ಹಳೆಯ ವಿದ್ಯೆಯೂ ಬಿಳಿ ಬಟ್ಟಲುಗಳಲ್ಲಿ ಮತ್ತೆ ಚಿಗುರಿತು. ಯುರೋಪಿನವರು ಅವನ್ನು ಗೊಂಬ್ರೂನ್ ಪಾತ್ರೆಗಳೆಂದು ಕರೆದರು. ಗೊಂಬ್ರೂನ್ ಎಂದರೆ ಇರಾನಿನ ಇಂದಿನ ರೇವುಪಟ್ಟಣ ಬಂದರ್ ಅಬ್ಬಾಸ್.